ಅಡುಗೆಮನೆಯ ಬಾಗಿಲಿಗೆ ಬಂದ ಮುದ್ರೆ: ಇಂಡೊನೇಷ್ಯಾದ ಹಲಾಲ್ ಪ್ರಮಾಣಪತ್ರದ ಇತಿಹಾಸ



ನಮ್ಮ ಯಾವುದೇ ಊರಿನ ಬಸ್ ನಿಲ್ದಾಣದ ಎದುರು ನಿಂತು ಒಮ್ಮೆ ಸುತ್ತಲೂ ಕಣ್ಣಾಡಿಸಿ. ಒಂದು ಹೋಟೆಲಿನ ಫಲಕದಲ್ಲಿ 'ಶುದ್ಧ ಸಸ್ಯಾಹಾರಿ' ಎಂದಿರುತ್ತದೆ. ಇನ್ನೊಂದರಲ್ಲಿ 'ಉಡುಪಿ' ಎಂಬ ಊರಿನ ಹೆಸರಿರುತ್ತದೆ. ಮತ್ತೊಂದು 'ಮಿಲಿಟರಿ ಹೋಟೆಲ್'. ಸ್ವಲ್ಪ ಆಚೆಗೆ ಹಸಿರು ಬಣ್ಣದಲ್ಲಿ 'ಹಲಾಲ್' ಎಂಬ ಅಕ್ಷರಗಳೂ ಕಾಣಬಹುದು. ಈ ನಾಲ್ಕು ಫಲಕಗಳೂ ಹೇಳುವುದು ಒಂದೇ ಮಾತು: 'ಒಳಗೆ ಬನ್ನಿ, ನಿಮ್ಮ ನೇಮಕ್ಕೆ ಇಲ್ಲಿ ಭಂಗ ಬರುವುದಿಲ್ಲ'. ಹಸಿದು ಬಂದವನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುವುದಿಲ್ಲ. ಫಲಕವನ್ನು ನಂಬಿ ಎಲೆಯ ಮುಂದೆ ಕೂರುತ್ತಾನೆ.

ಆದರೆ ಆ ಫಲಕ ಸುಳ್ಳಾದರೆ? ಹೋಟೆಲಿನ ಯಜಮಾನನಿಗೇ ತಿಳಿಯದಂತೆ, ಅವನು ಅಂಗಡಿಯಿಂದ ತಂದ ಒಂದು ಡಬ್ಬಿಯೊಳಗೆ ಬೇಡದ ಪದಾರ್ಥವೊಂದು ಸೇರಿಕೊಂಡಿದ್ದರೆ? ಫಲಕದ ಮಾತಿಗೆ ಹೊಣೆ ಯಾರು? ಯಜಮಾನನೇ, ಧರ್ಮಪಂಡಿತರೇ, ವಿಜ್ಞಾನಿಗಳೇ ಅಥವಾ ಸರ್ಕಾರವೇ? ಈ ಪ್ರಶ್ನೆಯನ್ನು ಕಳೆದ ಅರ್ಧ ಶತಮಾನದಲ್ಲಿ ಅತ್ಯಂತ ತೀವ್ರವಾಗಿ ಎದುರಿಸಿದ ದೇಶಗಳಲ್ಲಿ ಇಂಡೊನೇಷ್ಯಾ ಒಂದು. ಅಲ್ಲಿ ಹಲಾಲ್ ಪ್ರಮಾಣಪತ್ರ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಬೀದಿಬದಿಯ ಸಣ್ಣ ಅಂಗಡಿಯವರೆಗೆ ಹೇಗೆ ಬಂದು ತಲುಪಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪದದ ಅರ್ಥ, ನಿಯಮದ ತಿರುಳು

'ಹಲಾಲ್' ಎಂಬುದು ಅರಬ್ಬಿ ಪದ. 'ಅನುಮತಿ ಇರುವುದು', 'ಧರ್ಮಸಮ್ಮತವಾದುದು' ಎಂದು ಅದರ ಅರ್ಥ. ಇದಕ್ಕೆ ವಿರುದ್ಧವಾದುದು 'ಹರಾಮ್', ಅಂದರೆ ನಿಷಿದ್ಧ. ಈ ಪದಗಳು ಊಟಕ್ಕೆ ಮಾತ್ರ ಸೀಮಿತವಲ್ಲ. ದುಡಿಮೆ, ಗಳಿಕೆ, ನಡತೆಗಳಿಗೂ ಅನ್ವಯಿಸುತ್ತವೆ. ಆಹಾರದ ಮಟ್ಟಿಗೆ ಹೇಳುವುದಾದರೆ, ಹಂದಿಯ ಮಾಂಸ, ರಕ್ತ, ತಾನಾಗಿ ಸತ್ತ ಪ್ರಾಣಿ, ಅಲ್ಲಾಹನಲ್ಲದೆ ಬೇರೆಯವರ ಹೆಸರಿನಲ್ಲಿ ಕೊಂದ ಪ್ರಾಣಿ ಇವುಗಳನ್ನು ಕುರಾನ್ ನಿಷೇಧಿಸಿದೆ. ಅಮಲೇರಿಸುವ ಪಾನೀಯವೂ ನಿಷಿದ್ಧ. ತಿನ್ನಲು ಅನುಮತಿ ಇರುವ ಪ್ರಾಣಿಯನ್ನು ಕೂಡ ದೇವರ ಹೆಸರು ಹೇಳಿ, ಹರಿತವಾದ ಕತ್ತಿಯಿಂದ ಅದರ ಗಂಟಲಿನ ಶ್ವಾಸನಾಳ, ಅನ್ನನಾಳ ಮತ್ತು ರಕ್ತನಾಳಗಳನ್ನು ಕತ್ತರಿಸಿ ರಕ್ತ ಹರಿದುಹೋಗುವಂತೆ ಕೊಯ್ಯಬೇಕು.

ಈ ನಿಯಮಗಳ ವಿವರಣೆಯಲ್ಲಿ ಇಸ್ಲಾಮಿನ ಬೇರೆ ಬೇರೆ ಧರ್ಮಶಾಸ್ತ್ರ ಪಂಥಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಇಂಡೊನೇಷ್ಯಾದಲ್ಲಿ ಹೆಚ್ಚು ಪ್ರಚಲಿತವಾದುದು ಶಾಫಿ ಪಂಥ. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಅನುಸರಿಸುವುದೂ ಇದೇ ಪಂಥವನ್ನು. ಹಿಂದೂ ಮಹಾಸಾಗರದ ವ್ಯಾಪಾರದ ಹಾದಿಯಲ್ಲಿ ಹಡಗುಗಳೊಂದಿಗೆ ಸರಕು ಮಾತ್ರ ಸಾಗಲಿಲ್ಲ, ಧರ್ಮಶಾಸ್ತ್ರವೂ ಸಾಗಿತು ಎಂಬುದಕ್ಕೆ ಇದೊಂದು ಸಾಕ್ಷಿ.

ಕಣ್ಣಳತೆಯ ನಂಬಿಕೆಯ ಕಾಲ

ಇಂಡೊನೇಷ್ಯಾ ಹದಿನೇಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 27 ಕೋಟಿ. ಅವರಲ್ಲಿ ನೂರಕ್ಕೆ ಸುಮಾರು 87 ಮಂದಿ ಮುಸ್ಲಿಮರು. ಹದಿಮೂರನೆಯ ಶತಮಾನದ ಕೊನೆಯ ವೇಳೆಗೆ ಸುಮಾತ್ರದ ಉತ್ತರ ಕರಾವಳಿಯಲ್ಲಿ ಇಸ್ಲಾಂ ನೆಲೆಯೂರಿತ್ತು. ಅಂದರೆ ಹಲಾಲ್ ಊಟದ ನೇಮಕ್ಕೆ ಅಲ್ಲಿ ಏಳುನೂರು ವರ್ಷಗಳ ಹಿನ್ನೆಲೆ ಉಂಟು. ಆದರೆ ಪ್ರಮಾಣಪತ್ರದ ವಯಸ್ಸು ಐವತ್ತು ವರ್ಷವೂ ಇಲ್ಲ. ಇಷ್ಟು ಕಾಲ ಬೇಡವಾಗಿದ್ದ ಕಾಗದ ಆಮೇಲೆ ಏಕೆ ಬೇಕಾಯಿತು?

ಉತ್ತರ ಸರಳ. ಹಿಂದೆ ಕೊಯ್ಯುವವನು, ಮಾರುವವನು, ಬೇಯಿಸುವವನು, ತಿನ್ನುವವನು ಎಲ್ಲರೂ ಒಂದೇ ಊರಿನವರು. ಜಾವಾದ ಹಳ್ಳಿಯಲ್ಲಿ ಕೋಳಿ ಕೊಯ್ದವನು ಪಕ್ಕದ ಮನೆಯವನೇ. 'ವಾರುಂಗ್' ಎಂದು ಕರೆಯುವ ಸಣ್ಣ ಗೂಡು ಹೋಟೆಲಿನಲ್ಲಿ ಒಲೆಯ ಮುಂದೆ ಕೂತ ಹೆಂಗಸು ಊರಿಗೆಲ್ಲ ಪರಿಚಿತಳು. ಎಣ್ಣೆ ತೆಂಗಿನದು, ಮಸಾಲೆ ಕಲ್ಲಿನಲ್ಲಿ ಅರೆದದ್ದು. ಸುಮಾತ್ರದ ಪಶ್ಚಿಮ ತೀರದ ಪಡಾಂಗ್ ಹೋಟೆಲುಗಳಲ್ಲಿ ಅಡುಗೆಯ ತಟ್ಟೆಗಳನ್ನು ಗಾಜಿನ ಕಿಟಕಿಯಲ್ಲಿ ಒಂದರ ಮೇಲೊಂದು ಜೋಡಿಸಿ ಇಡುತ್ತಾರೆ. ನಡೆಸುವವರು ಧರ್ಮನಿಷ್ಠೆಗೆ ಹೆಸರಾದ ಮಿನಾಂಗ್‌ಕಾಬಾವ್ ಜನ. ಅವರ ಊರಿನ ಹೆಸರೇ ಪ್ರಮಾಣಪತ್ರ. ನಮ್ಮಲ್ಲಿ 'ಉಡುಪಿ' ಎಂಬ ಹೆಸರು ಮಾಡಿದ ಕೆಲಸವನ್ನೇ ಅಲ್ಲಿ 'ಪಡಾಂಗ್' ಎಂಬ ಹೆಸರು ಮಾಡಿತು.

ಜನರಲ್ ಸುಹಾರ್ತೊ ಆಳ್ವಿಕೆಯ ಕಾಲದಲ್ಲಿ, ವಿಶೇಷವಾಗಿ 1970ರ ದಶಕದಿಂದ, ಈ ಚಿತ್ರ ಬದಲಾಯಿತು. ಪಟ್ಟಣಗಳು ಬೆಳೆದವು, ಕಾರ್ಖಾನೆಗಳು ಬಂದವು. ಬಿಸ್ಕತ್ತು, ಹಾಲಿನ ಪುಡಿ, ನೂಡಲ್ಸ್, ಐಸ್‌ಕ್ರೀಂ, ಬಾಟಲಿಯಲ್ಲಿ ತುಂಬಿದ ಸಿಹಿ ಸೋಯಾ ರಸ ಇವು ಮನೆಮನೆಗೂ, ಹೋಟೆಲಿಗೂ ಹೊಕ್ಕವು. ಇವುಗಳಲ್ಲಿ ಏನಿದೆ ಎಂಬುದನ್ನು ಕಣ್ಣು, ಮೂಗು, ನಾಲಗೆ ಹೇಳಲಾರವು. ಜೆಲಟಿನ್ ಎಂಬ ಅಂಟು ಹಸುವಿನ ಮೂಳೆ ಚರ್ಮಗಳಿಂದಲೂ ಬರಬಹುದು, ಹಂದಿಯ ಚರ್ಮದಿಂದಲೂ ಬರಬಹುದು. ನೀರನ್ನೂ ಕೊಬ್ಬನ್ನೂ ಬೆರೆಸುವ ರಾಸಾಯನಿಕಗಳು ಸಸ್ಯದಿಂದಲೂ ಆದಾವು, ಪ್ರಾಣಿಯಿಂದಲೂ ಆದಾವು. ನೋಡಲು ಎರಡೂ ಒಂದೇ.

ಕೆಂಪು ಚೌಕದೊಳಗಿನ ಹಂದಿ

ಈ ಸಮಸ್ಯೆಗೆ ಇಂಡೊನೇಷ್ಯಾ ಸರ್ಕಾರ ಕಂಡುಕೊಂಡ ಮೊದಲ ಪರಿಹಾರ ಕುತೂಹಲಕರವಾದುದು. 1976ರ ನವೆಂಬರಿನಲ್ಲಿ ಆರೋಗ್ಯ ಸಚಿವರು ಒಂದು ಆಜ್ಞೆ ಹೊರಡಿಸಿದರು. ಹಂದಿಯ ಅಂಶವಿರುವ ಯಾವುದೇ ಆಹಾರದ ಪೊಟ್ಟಣದ ಮೇಲೆ ಹಂದಿಯ ಚಿತ್ರವನ್ನೂ 'ಹಂದಿಯ ಅಂಶವಿದೆ' ಎಂಬ ಮಾತನ್ನೂ ಕೆಂಪು ಬಣ್ಣದಲ್ಲಿ, ಚೌಕದೊಳಗೆ ಎದ್ದುಕಾಣುವಂತೆ ಮುದ್ರಿಸಬೇಕು ಎಂಬುದೇ ಆ ಆಜ್ಞೆ.

ಇದರ ಹಿಂದಿನ ತರ್ಕವನ್ನು ಗಮನಿಸಿ. ದೇಶದ ಬಹುಪಾಲು ಜನ ಮುಸ್ಲಿಮರು, ಹೀಗಾಗಿ ಮಾರುಕಟ್ಟೆಯ ಬಹುಪಾಲು ಆಹಾರ ಹಲಾಲ್ ಎಂದೇ ಭಾವಿಸಬೇಕು, ಅಪವಾದವಾದುದಕ್ಕೆ ಮಾತ್ರ ಗುರುತು ಹಾಕಿದರೆ ಸಾಕು. ಗುರುತಿಲ್ಲದುದನ್ನು ನಿಶ್ಚಿಂತೆಯಿಂದ ತಿನ್ನಬಹುದು.

1985ರಲ್ಲಿ ಈ ತರ್ಕ ತಿರುಗಲಾರಂಭಿಸಿತು. ಆರೋಗ್ಯ ಮತ್ತು ಧರ್ಮ ಇಲಾಖೆಗಳ ಸಚಿವರಿಬ್ಬರೂ ಜಂಟಿಯಾಗಿ ಹೊರಡಿಸಿದ ಆಜ್ಞೆ, ಆಹಾರದ ಪೊಟ್ಟಣದ ಮೇಲೆ 'ಹಲಾಲ್' ಎಂದು ಬರೆಯುವ ಬಗ್ಗೆ ನಿಯಮ ರೂಪಿಸಿತು. ಈಗ ಗುರುತು ನಿಷಿದ್ಧಕ್ಕಲ್ಲ, ಸಮ್ಮತವಾದುದಕ್ಕೆ. ಆದರೆ ಹಾಗೆ ಬರೆದುಕೊಳ್ಳುತ್ತಿದ್ದವನು ತಯಾರಕನೇ. ಅವನ ಮಾತನ್ನು ಕಾರ್ಖಾನೆಗೆ ಹೋಗಿ ಪರೀಕ್ಷಿಸುವ ಸಂಸ್ಥೆ ಇನ್ನೂ ಹುಟ್ಟಿರಲಿಲ್ಲ.

ನೆರೆಯ ದೇಶಗಳು ಈ ವೇಳೆಗೆ ಒಂದು ಹೆಜ್ಜೆ ಮುಂದಿದ್ದವು. ಮಲೇಷ್ಯಾದಲ್ಲಿ 1974ರಿಂದಲೇ ಪ್ರಧಾನಮಂತ್ರಿಗಳ ಕಾರ್ಯಾಲಯದ ಇಸ್ಲಾಮೀ ವ್ಯವಹಾರಗಳ ವಿಭಾಗ ಹಲಾಲ್ ದೃಢೀಕರಣದ ಪತ್ರ ಕೊಡುತ್ತಿತ್ತು. ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಸಿಂಗಪುರದಲ್ಲಿ ಅಲ್ಲಿನ ಇಸ್ಲಾಮೀ ಧಾರ್ಮಿಕ ಮಂಡಳಿ 1978ರಲ್ಲಿ ಈ ಕೆಲಸ ಆರಂಭಿಸಿತ್ತು.

1988ರ ಕೋಲಾಹಲ

ಇತಿಹಾಸದಲ್ಲಿ ಎಷ್ಟೋ ಬಾರಿ ಸಂಸ್ಥೆಗಳು ಹುಟ್ಟುವುದು ದೂರದೃಷ್ಟಿಯಿಂದಲ್ಲ, ಭಯದಿಂದ. 1988ರ ಆರಂಭದಲ್ಲಿ ಪೂರ್ವ ಜಾವಾದ ಮಲಾಂಗ್ ನಗರದ ಬ್ರಾವಿಜಯ ವಿಶ್ವವಿದ್ಯಾಲಯದ ಆಹಾರ ವಿಜ್ಞಾನಿ ತ್ರಿ ಸುಸಾಂತೊ ಅವರ ಒಂದು ಸಂಶೋಧನಾ ವರದಿ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರುಕಟ್ಟೆಯಲ್ಲಿರುವ ಹಲವಾರು ಆಹಾರ ಪದಾರ್ಥಗಳಲ್ಲಿ ಹಂದಿ ಮೂಲದ ಕೊಬ್ಬು ಅಥವಾ ಜೆಲಟಿನ್ ಇರುವ ಶಂಕೆ ಅದರಲ್ಲಿ ವ್ಯಕ್ತವಾಗಿತ್ತು.

ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಬಾಯಿಂದ ಬಾಯಿಗೆ ಹೋಗುತ್ತಾ ಪಟ್ಟಿ ಉದ್ದವಾಯಿತು. ಶಂಕೆಗೆ ಕಾರಣವಿಲ್ಲದ ಪದಾರ್ಥಗಳ ಹೆಸರುಗಳೂ ಸೇರಿಕೊಂಡವು. ಬಿಸ್ಕತ್ತು, ಹಾಲಿನ ಪುಡಿ, ಸೋಯಾ ರಸಗಳ ಮಾರಾಟ ಕುಸಿಯಿತು. ಯಾವ ಅಂಗಡಿಯ ಯಾವ ಡಬ್ಬಿಯನ್ನು ನಂಬಬೇಕೆಂದು ತಾಯಂದಿರಿಗೆ ತಿಳಿಯದಾಯಿತು. 'ಇದು ಹಲಾಲ್' ಎಂದು ತಯಾರಕರು ಜಾಹೀರಾತು ಕೊಟ್ಟರೂ ಜನ ನಂಬಲಿಲ್ಲ. ಏಕೆಂದರೆ ಈಗ ಶಂಕೆ ಬಂದಿದ್ದುದೇ ಅವರ ಮಾತಿನ ಮೇಲೆ.

ಇಂಥ ಭಯ ನಮಗೇನೂ ಹೊಸದಲ್ಲ. 1857ರಲ್ಲಿ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಒಂದು ಮಹಾ ದಂಗೆಗೆ ಕಿಡಿಯಾಯಿತೆಂದು ನೀವು ಪಠ್ಯದಲ್ಲಿ ಓದಿದ್ದೀರಿ. 1983ರಲ್ಲಿ ನಮ್ಮ ದೇಶದಲ್ಲಿಯೇ ವನಸ್ಪತಿಗೆ ದನದ ಕೊಬ್ಬು ಬೆರೆಸಲಾಗಿದೆಯೆಂಬ ವಿವಾದ ಸಂಸತ್ತಿನವರೆಗೂ ಹೋಗಿತ್ತು. ಬಾಯಿಗೆ ಹೋಗುವ ತುತ್ತಿನ ಮೇಲಿನ ಅಪನಂಬಿಕೆ ಅರಮನೆಯನ್ನೂ ಅಲುಗಾಡಿಸಬಲ್ಲದು.

ಪ್ರಯೋಗಶಾಲೆ ಮತ್ತು ಪಂಡಿತರ ಸಭೆ

ಕೋಲಾಹಲ ತಣಿಸುವ ಹೊಣೆ ಬಿದ್ದದ್ದು 'ಮಜ್ಲಿಸ್ ಉಲಾಮಾ ಇಂಡೊನೇಷ್ಯಾ' ಎಂಬ ಧರ್ಮಪಂಡಿತರ ಮಂಡಳಿಯ ಮೇಲೆ. 1975ರಲ್ಲಿ ಸ್ಥಾಪನೆಯಾದ ಈ ಮಂಡಳಿ 1989ರ ಜನವರಿ 6ರಂದು ಆಹಾರ, ಔಷಧ ಮತ್ತು ಸೌಂದರ್ಯ ಸಾಮಗ್ರಿಗಳನ್ನು ಪರೀಕ್ಷಿಸುವ ತನ್ನದೇ ಸಂಸ್ಥೆಯನ್ನು ಆರಂಭಿಸಿತು. ಅದರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ 'ಎಲ್‌ಪಿಪಿಒಎಂ' ಎಂದು ಕರೆಯುತ್ತಾರೆ. 1994ರಲ್ಲಿ ಅದು ಹಲಾಲ್ ಪ್ರಮಾಣಪತ್ರಗಳನ್ನು ನೀಡತೊಡಗಿತು.

ಇದರ ಕಾರ್ಯವಿಧಾನದಲ್ಲಿ ಒಂದು ಶ್ರಮವಿಭಜನೆ ಇತ್ತು. ಕಾರ್ಖಾನೆಗೆ ಹೋಗಿ ಪದಾರ್ಥದ ಮೂಲವನ್ನು ಹುಡುಕಿ ವರದಿ ಬರೆಯುವವರು ಆಹಾರ ತಂತ್ರಜ್ಞರು ಮತ್ತು ರಸಾಯನ ವಿಜ್ಞಾನಿಗಳು. ಆ ವರದಿಯನ್ನು ಆಧರಿಸಿ ಹಲಾಲೋ ಅಲ್ಲವೋ ಎಂದು ತೀರ್ಮಾನಿಸುವವರು ಧರ್ಮಪಂಡಿತರ ಫತ್ವಾ ಸಮಿತಿಯವರು. ವಿಜ್ಞಾನಿ 'ಇದು ಏನು' ಎಂದು ಹೇಳುತ್ತಾನೆ, ಪಂಡಿತ 'ಇದು ಸಲ್ಲುವುದೇ' ಎಂದು ಹೇಳುತ್ತಾನೆ. ಪ್ರಶ್ನೆಯ ಸ್ವರೂಪವೇ ಎರಡು ಬಗೆಯ ಜ್ಞಾನವನ್ನು ಒಂದೇ ಮೇಜಿನ ಮುಂದೆ ಕೂರಿಸಿತು.

ಕಾನೂನು ಕೂಡ ಹಿಂಬಾಲಿಸಿತು. 1996ರಲ್ಲಿ ಆಹಾರ ಕಾಯಿದೆ ಬಂತು. 1999ರ ಗ್ರಾಹಕ ರಕ್ಷಣಾ ಕಾಯಿದೆಯು ಪೊಟ್ಟಣದ ಮೇಲೆ 'ಹಲಾಲ್' ಎಂದು ಬರೆದು ಆ ವಿಧಿಯನ್ನು ಪಾಲಿಸದಿರುವುದನ್ನು ಅಪರಾಧವೆಂದು ಪರಿಗಣಿಸಿತು. ಆದರೆ ಪ್ರಮಾಣಪತ್ರ ಪಡೆಯುವುದು ಮಾತ್ರ ಇನ್ನೂ ಐಚ್ಛಿಕವಾಗಿಯೇ ಉಳಿಯಿತು.

ಕಾಣದ ಅಂಶದ ವಿವಾದ

ಈ ವ್ಯವಸ್ಥೆಗೆ ಮೊದಲ ದೊಡ್ಡ ಪರೀಕ್ಷೆ ಎದುರಾದದ್ದು 2000ದ ಕೊನೆಯಲ್ಲಿ. ಅಜಿನೊಮೊಟೊ ಕಂಪನಿ ತಯಾರಿಸುತ್ತಿದ್ದ ರುಚಿವರ್ಧಕ ಪುಡಿಗೆ ಮೊದಲೇ ಹಲಾಲ್ ಪ್ರಮಾಣಪತ್ರ ಇತ್ತು. ಆ ಪುಡಿಯನ್ನು ಬ್ಯಾಕ್ಟೀರಿಯಾಗಳ ನೆರವಿನಿಂದ, ಹುದುಗುವಿಕೆಯ ಮೂಲಕ ತಯಾರಿಸುತ್ತಾರೆ. ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಒಂದು ಪೋಷಕ ದ್ರವ್ಯ ಬೇಕು. ಕಂಪನಿಯವರು ಆ ದ್ರವ್ಯವನ್ನು ಬದಲಾಯಿಸಿದ್ದರು. ಹೊಸ ದ್ರವ್ಯವನ್ನು ಸೋಯಾದಿಂದ ತಯಾರಿಸುವಾಗ ಹಂದಿಯ ಅಂಗದಿಂದ ಪಡೆದ ಕಿಣ್ವವೊಂದನ್ನು ಬಳಸಲಾಗುತ್ತಿತ್ತು. ಪ್ರಮಾಣಪತ್ರದ ನವೀಕರಣದ ತಪಾಸಣೆಯಲ್ಲಿ ಈ ವಿಷಯ ಹೊರಬಂತು.

ಅಂತಿಮ ಪುಡಿಯಲ್ಲಿ ಹಂದಿಯ ಅಂಶ ಇರಲಿಲ್ಲ ಎಂಬುದನ್ನು ಎಲ್ಲರೂ ಒಪ್ಪಿದರು. ಹಾಗಿದ್ದರೂ, ತಯಾರಿಕೆಯ ಹಾದಿಯಲ್ಲಿ ನಿಷಿದ್ಧ ವಸ್ತುವಿನ ಬಳಕೆ ಆಗಿದ್ದರಿಂದ ಅದು ಹರಾಮ್ ಎಂದು ಪಂಡಿತರ ಮಂಡಳಿ ತೀರ್ಪಿತ್ತಿತು. 2001ರ ಜನವರಿಯಲ್ಲಿ ದೇಶದ ಅಂಗಡಿಗಳಿಂದ ಆ ಸರಕನ್ನು ವಾಪಸು ತೆಗೆಯಲಾಯಿತು. ಕಂಪನಿಯ ಕೆಲವು ಅಧಿಕಾರಿಗಳ ಬಂಧನವೂ ಆಯಿತು. ಇದೇ ಹೊತ್ತಿಗೆ ರಾಷ್ಟ್ರಾಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಆ ಪುಡಿಯನ್ನು ತಿನ್ನಬಹುದೆಂದು ಸಾರ್ವಜನಿಕವಾಗಿ ಅಭಿಪ್ರಾಯಪಟ್ಟರು. ವಾಹಿದ್ ರಾಜಕಾರಣಿ ಮಾತ್ರವಲ್ಲ, ಸ್ವತಃ ದೊಡ್ಡ ಧರ್ಮವಿದ್ವಾಂಸರು. ದ್ರವ್ಯವನ್ನು ಬದಲಿಸಿದ ನಂತರ ಕಂಪನಿಗೆ ಮತ್ತೆ ಪ್ರಮಾಣಪತ್ರ ದೊರೆಯಿತು.

ಈ ಪ್ರಕರಣ ಒಂದು ಮೂಲಭೂತ ಪ್ರಶ್ನೆಯನ್ನು ಎತ್ತಿತು. ಶುದ್ಧಿ ಎಂಬುದು ತಟ್ಟೆಯಲ್ಲಿರುವ ವಸ್ತುವಿನ ಗುಣವೇ ಅಥವಾ ಅದು ತಟ್ಟೆಗೆ ಬಂದ ಹಾದಿಯ ಗುಣವೇ? ನಮ್ಮ ಅಜ್ಜಿಯರ ಮಡಿ-ಮೈಲಿಗೆಯ ಮಾತುಗಳನ್ನು ಕೇಳಿ ಬೆಳೆದವರಿಗೆ ಈ ಪ್ರಶ್ನೆ ಅಪರಿಚಿತವೇನಲ್ಲ.

ಹೋಟೆಲಿನ ಅಡುಗೆಮನೆಯಲ್ಲಿ

ಕಾರ್ಖಾನೆಯಲ್ಲಿ ತಯಾರಾಗುವುದು ಹತ್ತೋ ಇಪ್ಪತ್ತೋ ಬಗೆ. ಹೋಟೆಲಿನಲ್ಲಿಯಾದರೋ ನೂರು ತಿಂಡಿ, ದಿನಕ್ಕೊಂದು ಬದಲಾವಣೆ, ಹತ್ತು ಕಡೆಯಿಂದ ಸಾಮಾನು. ಆದ್ದರಿಂದ ಹೋಟೆಲಿಗೆ ಪ್ರಮಾಣಪತ್ರ ಪಡೆಯುವುದು ಹೆಚ್ಚು ಕಷ್ಟದ ಕೆಲಸ. ಅಲ್ಲಿ ನಡೆಯುವುದು ಸಾಮಾನ್ಯವಾಗಿ ಹೀಗೆ.

ಹೋಟೆಲಿನ ಯಜಮಾನರು ಮೊದಲು ತಮ್ಮ ತಿಂಡಿಗಳ ಪಟ್ಟಿಯನ್ನೂ, ಪ್ರತಿಯೊಂದಕ್ಕೂ ಬಳಸುವ ಸಾಮಾನಿನ ಪಟ್ಟಿಯನ್ನೂ ಬರೆದುಕೊಡಬೇಕು. ಯಾವ ಸಾಮಾನು ಎಲ್ಲಿಂದ ಬಂತು ಎಂಬುದಕ್ಕೆ ಆಧಾರ ತೋರಿಸಬೇಕು. ತರಕಾರಿ, ಹಣ್ಣು, ಮೊಟ್ಟೆ, ತಾಜಾ ಮೀನು ಇಂಥವುಗಳ ಬಗ್ಗೆ ತಕರಾರಿಲ್ಲ. ಮಾಂಸ ಮತ್ತು ಕೋಳಿ ಹಲಾಲ್ ಪ್ರಮಾಣಪತ್ರ ಪಡೆದ ಕಸಾಯಿಖಾನೆಯಿಂದಲೇ ಬಂದಿರಬೇಕು. ತಪಾಸಣೆಗೆ ಬಂದವರು ಹೆಚ್ಚು ಹುಡುಕುವುದು ಸಣ್ಣ ಬಾಟಲಿಗಳನ್ನು. ಚೀನೀ ಶೈಲಿಯ ಅಡುಗೆಗೆ ಸುವಾಸನೆ ಕೊಡುವ ಅಕ್ಕಿಯ ಮದ್ಯ, ಜಪಾನೀ ಅಡುಗೆಯ ಮಿರಿನ್, ಕೇಕಿಗೆ ಹಾಕುವ ರಮ್, ಕರಿಯಲು ಬಳಸುವ ಕೊಬ್ಬು, ಕೋಳಿಸಾರಿನ ರುಚಿ ಕೊಡುವ ಪುಡಿ ಇವೆಲ್ಲ ಅವರ ಕಣ್ಣಿಗೆ ಬೀಳಬೇಕು. ರೊಟ್ಟಿ, ಕೇಕುಗಳಿಗೆ ಬೆಣ್ಣೆ ಸವರುವ ಕುಂಚವನ್ನೂ ಬಿಡುವುದಿಲ್ಲ. ಏಕೆಂದರೆ ಕುಂಚದ ಕೂದಲು ಹಂದಿಯದಿರಬಹುದು.

ಇಷ್ಟಕ್ಕೇ ಮುಗಿಯಲಿಲ್ಲ. ಉಗ್ರಾಣ, ಪಾತ್ರೆ, ತೊಳೆಯುವ ತೊಟ್ಟಿ ಇವು ಹಲಾಲ್ ಅಲ್ಲದ ಅಡುಗೆಗೆ ಬಳಕೆಯಾಗಬಾರದು. ಮೊದಲು ಹಂದಿಮಾಂಸ ಬೇಯಿಸಿದ ಪಾತ್ರೆಯಾದರೆ, ಶಾಫಿ ಪಂಥದ ವಿಧಿಯಂತೆ ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಂದು ಬಾರಿ ಮಣ್ಣು ಬೆರೆಸಿದ ನೀರಿನಿಂದ. ಹೋಟೆಲಿನವರು ಒಬ್ಬ ಹಲಾಲ್ ಮೇಲ್ವಿಚಾರಕರನ್ನು ನೇಮಿಸಬೇಕು. ನಾಳೆ ಅಂಗಡಿಯಲ್ಲಿ ಹಳೆಯ ಸೋಯಾ ರಸ ಸಿಗದೆ ಹೊಸದೊಂದನ್ನು ತಂದರೆ, ಅದು ಒಪ್ಪಿತವಾದ ಪಟ್ಟಿಯಲ್ಲಿದೆಯೇ ಎಂದು ನೋಡುವ ಹೊಣೆ ಅವರದು. ಪ್ರಮಾಣಪತ್ರದ ಬಲ ಇರುವುದು ತಪಾಸಣೆಯ ಆ ಒಂದು ದಿನದಲ್ಲಲ್ಲ, ತಪಾಸಕರು ಇಲ್ಲದ ಉಳಿದ ದಿನಗಳಲ್ಲಿ.

ತಿಂಡಿಯ ಹೆಸರಿಗೂ ನಿಯಮ ಉಂಟು. ನಿಷಿದ್ಧವಾದುದನ್ನು, ಕೆಡುಕನ್ನು ಸೂಚಿಸುವ ಹೆಸರುಗಳನ್ನು ಬಳಸಬಾರದೆಂದು ಪಂಡಿತರ ಮಂಡಳಿ 2003ರ ಒಂದು ಫತ್ವಾದಲ್ಲಿ ಹೇಳಿತು. ಇದರ ಬಿಸಿ ಮುಟ್ಟಿದ್ದು ಕಾಲೇಜು ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ನೂಡಲ್ಸ್ ಹೋಟೆಲುಗಳ ಒಂದು ಸರಣಿಗೆ. ಅಲ್ಲಿ ಖಾರದ ನೂಡಲ್ಸಿಗೆ 'ಸೈತಾನ' ಎಂದೂ ತಂಪು ಪಾನೀಯಗಳಿಗೆ ದೆವ್ವಗಳ ಹೆಸರುಗಳನ್ನೂ ಇಟ್ಟಿದ್ದರು. ಪದಾರ್ಥದಲ್ಲಿ ದೋಷವಿಲ್ಲದಿದ್ದರೂ ಹೆಸರು ಅಡ್ಡಿಯಾಯಿತು. ಕೊನೆಗೆ ಮಾಲೀಕರು ಹೆಸರುಗಳನ್ನೇ ಬದಲಾಯಿಸಿ 2023ರಲ್ಲಿ ಪ್ರಮಾಣಪತ್ರ ಪಡೆದರು. ದೆವ್ವಗಳ ಜಾಗಕ್ಕೆ ಬಂದದ್ದು ಮಕ್ಕಳ ಆಟಗಳು. ಒಂದು ಪಾನೀಯಕ್ಕೆ ಇಟ್ಟ 'ಪೆತಾಕ್ ಉಂಪೆತ್' ಎಂಬ ಹೆಸರಿನ ಅರ್ಥ ಕಣ್ಣಾಮುಚ್ಚಾಲೆ!

ಐಚ್ಛಿಕದಿಂದ ಕಡ್ಡಾಯಕ್ಕೆ

2014 ಈ ಇತಿಹಾಸದಲ್ಲಿ ನೆನಪಿಡಬೇಕಾದ ವರ್ಷ. ಆ ವರ್ಷದ ಅಕ್ಟೋಬರ್ 17ರಂದು 'ಹಲಾಲ್ ಉತ್ಪನ್ನ ಖಾತರಿ ಕಾಯಿದೆ' ಜಾರಿಗೆ ಬಂತು. ಇದು 2014ರ 33ನೆಯ ಕಾಯಿದೆ. ದೇಶದೊಳಗೆ ಮಾರಾಟವಾಗುವ ಸರಕುಗಳಿಗೆ ಹಲಾಲ್ ಪ್ರಮಾಣಪತ್ರ ಕಡ್ಡಾಯ ಎಂಬುದು ಅದರ ಸಾರ. ಸಿದ್ಧತೆಗೆ ಐದು ವರ್ಷಗಳ ಅವಕಾಶವಿತ್ತು. 2017ರಲ್ಲಿ ಸರ್ಕಾರದ್ದೇ ಆದ ಹಲಾಲ್ ಖಾತರಿ ಸಂಸ್ಥೆ ಸ್ಥಾಪನೆಯಾಯಿತು. 2019ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿ ಆರಂಭವಾಯಿತು.

ಎರಡು ಸಂಗತಿಗಳನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮೊದಲನೆಯದು, ಈ ಕಾಯಿದೆ ಹಲಾಲ್ ಅಲ್ಲದ ಆಹಾರವನ್ನು ನಿಷೇಧಿಸಲಿಲ್ಲ. ಬಾಲಿ ದ್ವೀಪದ ಹಿಂದೂಗಳ ಹಬ್ಬದೂಟದಲ್ಲಿ ಹಂದಿಮಾಂಸಕ್ಕೆ ಗೌರವದ ಸ್ಥಾನವಿದೆ. ಕ್ರೈಸ್ತರು ಹೆಚ್ಚಾಗಿರುವ ಸುಲವೇಸಿಯ ಉತ್ತರ ಭಾಗದಲ್ಲೂ ಹಾಗೆಯೇ. ಅಂಥ ಆಹಾರ ಮಾರುವವರು ಅದು ಹಲಾಲ್ ಅಲ್ಲವೆಂದು ಸ್ಪಷ್ಟವಾಗಿ ಬರೆಯಬೇಕು, ಅಷ್ಟೆ. ಹೀಗೆ 1976ರ ಕೆಂಪು ಗುರುತಿನ ತರ್ಕವೂ 1985ರ ಹಲಾಲ್ ಗುರುತಿನ ತರ್ಕವೂ ಈ ಕಾಯಿದೆಯಲ್ಲಿ ಕೂಡಿಕೊಂಡವು. ಎರಡರ ನಡುವೆ ಗುರುತಿಲ್ಲದೆ ಉಳಿಯುವ ಜಾಗ ಕಿರಿದಾಗುತ್ತಾ ಬಂತು.

ಎರಡನೆಯದು, ಅಧಿಕಾರದ ಹಂಚಿಕೆ. ಇಪ್ಪತ್ತೈದು ವರ್ಷ ಪ್ರಮಾಣಪತ್ರ ನೀಡಿದ್ದ ಪಂಡಿತರ ಮಂಡಳಿಯ ಕೈಯಿಂದ ಆ ಕೆಲಸ ಸರ್ಕಾರಿ ಸಂಸ್ಥೆಗೆ ಹೋಯಿತು. ಆದರೆ ಹಲಾಲೋ ಅಲ್ಲವೋ ಎಂಬ ಧಾರ್ಮಿಕ ತೀರ್ಮಾನದಲ್ಲಿ ಪಂಡಿತರ ಸ್ಥಾನ ಉಳಿಯಿತು. ಪರೀಕ್ಷೆ ತಪಾಸಣಾ ಸಂಸ್ಥೆಗಳದ್ದು, ತೀರ್ಪು ಪಂಡಿತರದ್ದು, ಮುದ್ರೆ ಸರ್ಕಾರದ್ದು. 2022ರ ಮಾರ್ಚಿನಲ್ಲಿ ಆ ಮುದ್ರೆಯ ರೂಪವೂ ಬದಲಾಯಿತು. ಹಳೆಯ ಹಸಿರು ವೃತ್ತದ ಬದಲು ಜಾವಾದ ತೊಗಲುಗೊಂಬೆ ಆಟದಲ್ಲಿ ಪರದೆಯ ಮೇಲೆ ಮೂಡುವ 'ಗುನುಂಗನ್' ಎಂಬ ಬೆಟ್ಟದಾಕಾರ ಬಂತು, ಅದರೊಳಗೆ ಅರಬ್ಬಿ ಅಕ್ಷರಗಳಲ್ಲಿ 'ಹಲಾಲ್'. ಅಕ್ಷರಗಳನ್ನು ಓದುವುದು ಕಷ್ಟವೆಂದು ಕೆಲವರು ಆಕ್ಷೇಪಿಸಿದರು. ಇದು ಜಾವಾದ ಗುರುತು, ಇಡೀ ದೇಶದ್ದಲ್ಲ ಎಂದರು ಇನ್ನು ಕೆಲವರು. ಒಂದು ಮುದ್ರೆಯ ಮೇಲೂ ಧರ್ಮ, ಪ್ರದೇಶ, ರಾಷ್ಟ್ರ ಎಂಬ ಮೂರು ಎಳೆಗಳು ಜಗ್ಗಾಡಿದ್ದನ್ನು ಇಲ್ಲಿ ಕಾಣಬಹುದು.

ಸಣ್ಣವರ ಸಂಕಟ

ಕಾಯಿದೆಯ ನಿಜವಾದ ಭಾರ ಬಿದ್ದದ್ದು ವಾರುಂಗಿನ ಹೆಂಗಸಿನ ಮೇಲೆ. ದೊಡ್ಡ ಹೋಟೆಲಿಗೆ ದಾಖಲೆ ಬರೆಯಲು ಗುಮಾಸ್ತರಿದ್ದಾರೆ, ಶುಲ್ಕ ಕಟ್ಟಲು ಹಣವಿದೆ. ಬೆಳಗಿನ ನಾಲ್ಕಕ್ಕೆ ಎದ್ದು ಸಂತೆಗೆ ಹೋಗಿ, ಹತ್ತು ಬಗೆಯ ಪಲ್ಯ ಮಾಡಿ ಮಧ್ಯಾಹ್ನದೊಳಗೆ ಮಾರುವವಳು ಯಾವ ಕೋಳಿ ಯಾವ ಕಸಾಯಿಖಾನೆಯಿಂದ ಬಂತೆಂದು ಹೇಗೆ ಬರೆದಿಡಬೇಕು? ಅವಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ನೇಮಕ್ಕೆ ಈಗ ಕಾಗದದ ಸಾಕ್ಷಿ ಬೇಕೆಂದರೆ, ಅದು ರಕ್ಷಣೆಯೋ ಅವಮಾನವೋ?

ಸರ್ಕಾರ ಇದಕ್ಕೆ ಒಂದು ದಾರಿ ಮಾಡಿತು. ಅಪಾಯವಿಲ್ಲದ ಸಾಮಾನು ಬಳಸುವ ಅತಿಸಣ್ಣ ಮತ್ತು ಸಣ್ಣ ಉದ್ಯಮದವರು ಸ್ವಯಂಘೋಷಣೆ ಮಾಡಬಹುದು. ತರಬೇತಿ ಪಡೆದ ಸಹಾಯಕರೊಬ್ಬರು ಬಂದು ನೋಡಿ ದೃಢೀಕರಿಸುತ್ತಾರೆ, ಉಚಿತ ಪ್ರಮಾಣಪತ್ರದ ಯೋಜನೆಯಡಿ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಹೀಗಿದ್ದರೂ ಕೋಟ್ಯಂತರ ಸಣ್ಣ ವ್ಯಾಪಾರಿಗಳನ್ನು ನಿಗದಿತ ದಿನದೊಳಗೆ ತಲುಪುವುದು ಸಾಧ್ಯವಾಗಲಿಲ್ಲ. ಆಹಾರ ಮತ್ತು ಪಾನೀಯಗಳಿಗೆ 2024ರ ಅಕ್ಟೋಬರ್ 17 ಗಡುವಾಗಿತ್ತು. ಮಧ್ಯಮ ಮತ್ತು ದೊಡ್ಡ ಉದ್ಯಮಗಳಿಗೆ ಅದು ಹಾಗೆಯೇ ಉಳಿಯಿತು. ಸಣ್ಣವರ ಗಡುವನ್ನು ಮಾತ್ರ 2026ರ ಅಕ್ಟೋಬರಿಗೆ ಮುಂದೂಡಲು 2024ರಲ್ಲಿ ತೀರ್ಮಾನವಾಯಿತು.

ಹಾಗಾದರೆ ಇಷ್ಟೆಲ್ಲ ಶ್ರಮ ಅಗತ್ಯವೇ ಎಂದು ನೀವು ಕೇಳಬಹುದು. 2025ರ ಮೇ ತಿಂಗಳ ಒಂದು ಘಟನೆ ಇದಕ್ಕೆ ಭಾಗಶಃ ಉತ್ತರ ಹೇಳುತ್ತದೆ. ಮಧ್ಯ ಜಾವಾದ ಸುರಕರ್ತ ನಗರದಲ್ಲಿ 1973ರಿಂದ ನಡೆಯುತ್ತಿದ್ದ ಒಂದು ಹೆಸರಾಂತ ಕೋಳಿ ಹೋಟೆಲು ಕೋಳಿಯ ಮೇಲೆ ಉದುರಿಸುವ ಗರಿಗರಿ ಪುಡಿಯನ್ನು ಹಂದಿಕೊಬ್ಬಿನಲ್ಲಿ ಕರಿಯುತ್ತಿತ್ತು ಎಂಬುದು ಬೆಳಕಿಗೆ ಬಂತು. ಹಂದಿಕೊಬ್ಬು ಬಳಸುವುದು ಅಪರಾಧವಲ್ಲ. ಆದರೆ ಗಿರಾಕಿಗಳಲ್ಲಿ ಎಷ್ಟೋ ಮಂದಿಗೆ ಅದು ತಿಳಿದಿರಲಿಲ್ಲ. ಹಲವು ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಊಟ ಮಾಡಿದ್ದವರು ಮನನೊಂದರು. ಹೋಟೆಲಿನವರು ಕ್ಷಮೆ ಕೋರಿ 'ಹಲಾಲ್ ಅಲ್ಲ' ಎಂಬ ಫಲಕ ಹಾಕಿದರು. ಆ ಎರಡು ಪದಗಳು ಮೊದಲೇ ಗೋಡೆಯ ಮೇಲಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ.

ನಮಗೇನು ಪಾಠ?

ನಮ್ಮ ದೇಶಕ್ಕೂ ಈ ಕಥೆಗೂ ನೇರವಾದ ನಂಟಿದೆ. 2016ರಿಂದ ಇಂಡೊನೇಷ್ಯಾ ಭಾರತದಿಂದ ಎಮ್ಮೆಯ ಮಾಂಸವನ್ನು ಕೊಳ್ಳುತ್ತಾ ಬಂದಿದೆ. ಭಾರತದಲ್ಲಿ ಎಲ್ಲ ಹೋಟೆಲುಗಳಿಗೂ ಹಲಾಲ್ ಪ್ರಮಾಣಪತ್ರ ಬೇಕೆನ್ನುವ ಕಾನೂನು ಇಲ್ಲ. ಖಾಸಗಿ ಧಾರ್ಮಿಕ ಸಂಸ್ಥೆಗಳು ಕೇಳಿದವರಿಗೆ ಪತ್ರ ಕೊಡುತ್ತವೆ. 'ಹಲಾಲ್' ಎಂದು ರಫ್ತಾಗುವ ಮಾಂಸಕ್ಕೆ ಮಾನ್ಯತೆ ಪಡೆದ ಸಂಸ್ಥೆಗಳಿಂದಲೇ ಪ್ರಮಾಣಪತ್ರ ಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿತು. ಇನ್ನು ನಮ್ಮ ಪೊಟ್ಟಣಗಳ ಮೇಲೆ ಈ ಶತಮಾನದ ಆರಂಭದಲ್ಲಿ ಬಂದ ಸಸ್ಯಾಹಾರದ ಹಸಿರು ಚುಕ್ಕೆ ನಿಮಗೆಲ್ಲ ಪರಿಚಿತ. ಅದೂ ಇದೇ ಕುಟುಂಬದ ಮುದ್ರೆ. ಕಣ್ಣಿಗೆ ಕಾಣದುದರ ಬಗ್ಗೆ ಅಪರಿಚಿತನೊಬ್ಬ ಅಪರಿಚಿತನಿಗೆ ಕೊಡುವ ಮಾತು ಅದು.

ಊರು ಚಿಕ್ಕದಾಗಿದ್ದಾಗ ಮುಖ ನೋಡಿ ನಂಬುತ್ತಿದ್ದೆವು. ಊರು ಬೆಳೆದಾಗ ಹೆಸರು ನೋಡಿ ನಂಬಿದೆವು. ಅಡುಗೆಯ ಸಾಮಾನು ಸಮುದ್ರ ದಾಟಿ ಬರತೊಡಗಿದಾಗ ಮುದ್ರೆ ಬೇಕಾಯಿತು. ಮುದ್ರೆಯೊಂದಿಗೆ ಶುಲ್ಕ, ಅಧಿಕಾರ, ವಿವಾದಗಳೂ ಬಂದವು. ಇಂಡೊನೇಷ್ಯಾದ ಅನುಭವ ಹೇಳುವುದು ಇಷ್ಟು: ಮುದ್ರೆಯಿಂದ ನಂಬಿಕೆ ಹುಟ್ಟುವುದಿಲ್ಲ. ಬಾಣಲೆಯ ಮುಂದೆ ನಿಂತವನು ತಿನ್ನುವವನ ನೇಮಕ್ಕೆ ಬೆಲೆ ಕೊಟ್ಟಾಗ ನಂಬಿಕೆ ಹುಟ್ಟುತ್ತದೆ, ಮುದ್ರೆ ಅದಕ್ಕೆ ಸಾಕ್ಷಿ ನುಡಿಯುತ್ತದೆ. ತಿನ್ನುವವನ ನೇಮ ನಮ್ಮದೇ ಆಗಿರಲಿ, ಬೇರೆಯದೇ ಆಗಿರಲಿ, ಎಲೆಯ ಮುಂದೆ ಕೂತವನಿಗೆ ನಿಜ ಹೇಳುವುದು ಅಡುಗೆಯವನ ಮೊದಲ ಧರ್ಮ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಷಿದ್ಧವಾದುದಕ್ಕೆ ಗುರುತು ಹಾಕುವುದು ಮತ್ತು ಸಮ್ಮತವಾದುದಕ್ಕೆ ಗುರುತು ಹಾಕುವುದು, ಇವೆರಡರಲ್ಲಿ ಹೊರೆ ಯಾರ ಮೇಲೆ ಬೀಳುತ್ತದೆ? 1976 ಮತ್ತು 1985ರ ಆಜ್ಞೆಗಳನ್ನು ಹೋಲಿಸಿ ಬರೆಯಿರಿ.

2. 2001ರ ರುಚಿವರ್ಧಕ ಪುಡಿಯ ವಿವಾದದಲ್ಲಿ ಪಂಡಿತರ ಮಂಡಳಿಯ ವಾದವೇನು? ಅದಕ್ಕೆ ವಿರುದ್ಧವಾದ ವಾದ ಯಾವುದಿರಬಹುದು? ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚಿಸಿ.

3. ನಿಮ್ಮ ಊರಿನ ಹತ್ತು ಹೋಟೆಲುಗಳ ಫಲಕಗಳನ್ನು ಬರೆದುಕೊಂಡು ಬನ್ನಿ. ಪ್ರತಿಯೊಂದು ಫಲಕವೂ ಗಿರಾಕಿಗೆ ಯಾವ ಭರವಸೆ ಕೊಡುತ್ತಿದೆ? ಆ ಭರವಸೆಯನ್ನು ಪರೀಕ್ಷಿಸುವವರು ಯಾರು?